ಹರ್ನನ ‘ಸಯೋನಾರ’

ಲಾಫ್‌ಕೇಡಿಯೊ ಹರ್ನ್ ಎಂಬಾತನ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇರಬಹುದು. ಜಪಾನು ದೇಶದ ಭೂತಪ್ರೇತಗಳ ಕಥೆಗಳನ್ನು ಇಂಗ್ಲೀಷಿನಲ್ಲಿ ಬರೆದವನೆಂಬುದೇ ಆತನ ಮುಖ್ಯವಾದ ಪ್ರಸಿದ್ಧಿ. ಆ ಕಥೆಗಳ ವಿಚಾರವನ್ನು ನಾನಿಲ್ಲಿ ಎತ್ತುವುದಿಲ್ಲ. ಕಥೆಗಾರನಾಗಿ ಹೆಸರಾಗುವುದಕ್ಕೆ ಮೊದಲು ಆತನು ಆ ದೇಶದ ಒಂದು ಸಣ್ಣ ಪಟ್ಟಣದಲ್ಲಿ ಇಂಗ್ಲೀಷು ಉಪಾಧ್ಯಾಯನಾಗಿದ್ದನು. ಆ ಉದ್ಯೋಗವನ್ನು ಬಿಟ್ಟು ಹೊರಟ ಕಡೆಯ ಕೆಲವು ದಿನಗಳನ್ನು ಆತನು ‘ಸಯೋನಾರ’ ಎಂಬ ಪ್ರಕರಣದಲ್ಲಿ ಬರೆದಿಟ್ಟಿರುವನು. ಸಯೋನಾರ ಎಂದರೆ ಜಪಾನೀಯರ ಬೀಳ್ಕೊಡುಗೆಯ ಮಾತು. ಓದುವವನಿಗೆ ಒಂದು ವಾರದಷ್ಟೆಂದು ತೋರುವ ಆ ಅಲ್ಪಾವಧಿಯಲ್ಲಿ ಉತ್ಸವವೂ ಮೃತ್ಯುವೂ ಒಂದೇ ಬೀದಿಯಲ್ಲಿ ನಡೆದುಹೋಗುತ್ತವೆ. ಇವೆರಡನ್ನೂ ಒಂದೇ ಲೇಖನಿಯಿಂದ ಬರೆಯುವಾಗ ಗ್ರಂಥಕರ್ತನು ಏನನ್ನು ಹೇಳಿದನು, ಏನನ್ನು ಬಿಟ್ಟನು ಎಂಬುದನ್ನು ವಿಚಾರಿಸಬೇಕೆಂದು ನನಗೆ ಬಹುದಿನದಿಂದ ಇಚ್ಛೆಯಿತ್ತು.

ಮೊದಲು ಸಂದರ್ಭವನ್ನು ತಿಳಿಸುತ್ತೇನೆ. ಹರ್ನನು 1850ರಲ್ಲಿ ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ ಹುಟ್ಟಿದವನು; ತಂದೆ ಐರ್ಲೆಂಡಿನವನು, ತಾಯಿ ಗ್ರೀಕಳು. ಹುಡುಗನಾಗಿದ್ದಾಗ ಪಾಠಶಾಲೆಯ ಆಟದಲ್ಲಿ ಪೆಟ್ಟು ತಗುಲಿ ಎಡಗಣ್ಣು ಹೋಯಿತು. ಉಳಿದ ಕಣ್ಣಿಗೂ ದೂರದ ವಸ್ತುಗಳು ಮಸುಕು. ಅಮೆರಿಕದಲ್ಲಿ ಪತ್ರಿಕಾವೃತ್ತಿಯಿಂದ ಜೀವಿಸಿ, ನಲವತ್ತನೆಯ ವಯಸ್ಸಿನಲ್ಲಿ, 1890ರಲ್ಲಿ, ಜಪಾನಿಗೆ ಬಂದನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಜುಮೊ ಪ್ರಾಂತದ ಮಾತ್ಸುಎ ಪಟ್ಟಣದ ಮಧ್ಯಮ ಪಾಠಶಾಲೆಯಲ್ಲಿಯೂ, ಉಪಾಧ್ಯಾಯರನ್ನು ತಯಾರುಮಾಡುವ ಅಲ್ಲಿಯ ನಾರ್ಮಲ್ ಸ್ಕೂಲಿನಲ್ಲಿಯೂ ಇಂಗ್ಲೀಷು ಕಲಿಸತೊಡಗಿದನು. ತಿಂಗಳಿಗೆ ನೂರು ಯೆನ್ನುಗಳ ಸಂಬಳ. 1891ರ ನವೆಂಬರಿನಲ್ಲಿ ದಕ್ಷಿಣದ ಕುಮಾಮೊಟೊ ನಗರದ ಸರ್ಕಾರಿ ಕಾಲೇಜಿಗೆ ಹೊರಟುಹೋದನು. ಹದಿನಾಲ್ಕು ತಿಂಗಳಿಗೆ ಸ್ವಲ್ಪ ಮೇಲ್ಪಟ್ಟ ಈ ವಾಸದ ಫಲವಾಗಿಯೇ 1894ರಲ್ಲಿ ಬಾಸ್ಟನ್ ನಗರದಲ್ಲಿ ಎರಡು ಸಂಪುಟಗಳ ಪ್ರಸಿದ್ಧ ಗ್ರಂಥವು ಅಚ್ಚಾಯಿತು. ಅದರ ಇಪ್ಪತ್ತೇಳು ಪ್ರಕರಣಗಳಲ್ಲಿ ‘ಸಯೋನಾರ’ವೇ ಕಡೆಯದು. ಅದೇ ಗ್ರಂಥದಲ್ಲಿ ಒಬ್ಬ ಇಂಗ್ಲೀಷು ಉಪಾಧ್ಯಾಯನ ದಿನಚರಿಯೆಂಬ ಇನ್ನೊಂದು ಪ್ರಕರಣವೂ ಉಂಟು. ಶರತ್ಕಾಲದ ಕ್ರೀಡೋತ್ಸವ, ನವೆಂಬರು 3ರ ಚಕ್ರವರ್ತಿಯ ಜನ್ಮದಿನ, ಹುಡುಗರು ಇಂಗ್ಲೀಷಿನಲ್ಲಿ ಬರೆದ ವಿಚಿತ್ರವಾದ ಪ್ರಬಂಧಗಳು, ಇವೆಲ್ಲ ಅದರಲ್ಲಿ ಬರುತ್ತವೆ. ಅದನ್ನು ಓದಿಕೊಂಡು ಇದಕ್ಕೆ ಬಂದರೆ ಒಳ್ಳೆಯದು, ಓದದಿದ್ದರೂ ಹಾನಿಯಿಲ್ಲ.

ಪ್ರಕರಣದ ಆರಂಭವು ಸಂತೋಷಮಯವಾಗಿದೆ. ಎರಡು ಶಾಲೆಗಳ ಉಪಾಧ್ಯಾಯರೂ ಸೇರಿ ಮೂರಡಿ ಎತ್ತರದಷ್ಟಿರುವ ಹಳೆಯ ಕಾಲದ ಎರಡು ಹೂದಾನಿಗಳನ್ನು ಕಳುಹಿಸುತ್ತಾರೆ. ಜೊತೆಗೆ ಮೂವತ್ತೆರಡು ದಾನಿಗಳ ಹೆಸರನ್ನು ಬರೆದ ಒಂದು ಸುರುಳಿ. ಹೂದಾನಿಯ ಮೇಲೆ ಚಿತ್ರಿಸಿದ ಕಡಲದಡದಲ್ಲಿ ಓಡಾಡುವ ನಸುಗೆಂಪು ಏಡಿಗಳನ್ನು ಕಾಣುವುದಕ್ಕೂ ಹರ್ನನಿಗೆ ಪುರುಸೊತ್ತುಂಟು. ಮಧ್ಯಮ ಶಾಲೆಯ ಇನ್ನೂರ ಐವತ್ತೊಂದು ಮಂದಿ ಹುಡುಗರು ಹಣ ಕೂಡಿಸಿ, ಪಾಳೆಯಗಾರರ ಕಾಲದ ಒಂದು ಕತ್ತಿಯನ್ನು ಕೊಡುತ್ತಾರೆ. ಕೆಂಪು ಅರಗಿನ ಒರೆ, ಅದರ ಮೇಲೆ ಚಿನ್ನದ ಕಣ್ಣಿನ ಬೆಳ್ಳಿಯ ಸಿಂಹಗಳು. ಅನಂತರ ಸಭಾಮಂದಿರದಲ್ಲಿ ಭಾಷಣ, ಪ್ರತಿಭಾಷಣ.

ಪ್ರತಿಭಾಷಣದಲ್ಲಿ ಒಂದು ಹಳೆಯ ಸಂಗತಿಯನ್ನು ಹರ್ನನು ನೆನೆಯುತ್ತಾನೆ. ನಿಮ್ಮ ಅತ್ಯಂತ ಪ್ರಿಯವಾದ ಇಚ್ಛೆಯಾವುದೆಂದು ಒಮ್ಮೆ ತರಗತಿಯಲ್ಲಿ ಕೇಳಿದಾಗ, ಚಕ್ರವರ್ತಿಗಾಗಿ ಪ್ರಾಣವನ್ನು ಕೊಡಬೇಕೆಂಬುದೇ ತಮ್ಮ ಇಚ್ಛೆಯೆಂದು ಅನೇಕ ಹುಡುಗರು ಬರೆದುಕೊಟ್ಟಿದ್ದರಂತೆ. 1890ರ ಅಕ್ಟೋಬರು 30ರಂದು ವಿದ್ಯಾಭ್ಯಾಸವನ್ನು ಕುರಿತ ರಾಜಶಾಸನವು ಹೊರಟು, ಪಾಠಶಾಲೆಗಳಲ್ಲಿ ಗಂಭೀರವಾಗಿ ಓದಲ್ಪಡುತ್ತಿದ್ದ ಕಾಲವದು. ಹರ್ನನು ಆ ಇಚ್ಛೆಯನ್ನು ಹೊಗಳುತ್ತಾನೆ. ಹೊಗಳಿದರೂ, ಹರಸುವಾಗ ಅವರನ್ನು ಬಾಳಿನ ಕಡೆಗೇ ತಿರುಗಿಸುತ್ತಾನೆ.

ಇಲ್ಲಿಂದ ಮುಂದಕ್ಕೆ ವಿಷೂಚಿಯ ಮಾತು ಬರುತ್ತದೆ. ನಮ್ಮ ಜನರು ವಾಂತಿಭೇದಿಯೆಂದೂ ಕಾಲರಾ ಎಂದೂ ಕರೆಯುವ ಆ ರೋಗವು ಪಟ್ಟಣದ ಹಲವು ಭಾಗಗಳಲ್ಲಿ ಕಾಣಿಸಿಕೊಂಡು ನಾರ್ಮಲ್ ಸ್ಕೂಲನ್ನೂ ಹೊಕ್ಕಿತು. ಕೆಲವರು ವಿದ್ಯಾರ್ಥಿಗಳೂ ಉಪಾಧ್ಯಾಯರೂ ಅಲ್ಪಕಾಲದಲ್ಲಿಯೇ ಮೃತರಾದರು. ಉಳಿದವರನ್ನು ಬಿಸಿನೀರಿನ ಬುಗ್ಗೆಗಳಿರುವ ತಮಾತ್ಸುಕುರಿ ಗ್ರಾಮಕ್ಕೆ ಕರೆದೊಯ್ದರು. ರೋಗವು ಅಲ್ಲಿಗೂ ಹಿಂಬಾಲಿಸಿತು. ಕೊನೆಗೆ ಬದುಕಿದ್ದವರನ್ನು ಅವರವರ ಊರಿಗೆ ಕಳುಹಿಸಿಬಿಟ್ಟರು. ಶಾಲೆಯ ಅಧ್ಯಕ್ಷನಾದ ಸೈಟೊ ಕುಮಾತಾರೊ ಎಂಬವನು ಮಾತ್ರ ತನ್ನ ಕೈಕೆಳಗಿನವರನ್ನೆಲ್ಲ ಮೊದಲೇ ಹೊರಗೆ ಕಳುಹಿಸಿ, ರೋಗಿಗಳ ಶುಶ್ರೂಷೆ, ಕಟ್ಟಡದ ಶುದ್ಧಿ, ಕಚೇರಿಯ ಕೆಲಸ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತ ಒಳಗೆ ನಿಂತನು. ಅವನ ಹುಡುಗರಲ್ಲಿ ಇಬ್ಬರು ಬದುಕಿಕೊಂಡರು. ಇನ್ನೊಬ್ಬನು, ಅಧ್ಯಕ್ಷನು ಹಾಸಿಗೆಯ ಬಳಿಗೆ ಬರುವುದನ್ನು ಕಂಡು, ಬೇಡವೆಂದರೂ ಕೇಳದೆ ಮೊಳಕೈಯೂರಿ ಎದ್ದು ಸೈನಿಕರ ರೀತಿಯಲ್ಲಿ ವಂದಿಸಿ ಪ್ರಾಣವನ್ನು ಬಿಟ್ಟನು.

ಈ ಭಾಗವನ್ನು ಹರ್ನನು ಕೆಲವೇ ವಾಕ್ಯಗಳಲ್ಲಿ ಮುಗಿಸುವನು. ಹೂದಾನಿಯ ಏಡಿಗಳಿಗೆ ಸ್ಥಳವನ್ನು ಕೊಟ್ಟವನು ಇಲ್ಲಿ ಒಂದು ವಿವರವನ್ನೂ ಕೊಡುವುದಿಲ್ಲ. ವಿಷೂಚಿಯಿಂದ ಸಾಯುವುದೆಂದರೇನೆಂಬುದನ್ನು ಕಂಡವರು ಬಲ್ಲರು. ಅದರಲ್ಲಿ ವೀರರಸಕ್ಕೆ ಎಡೆಯಿಲ್ಲ. ದೇಹದ ನೀರೆಲ್ಲ ಹೋಗಿ, ಕಣ್ಣು ಗುಳಿಬಿದ್ದು, ಕೈಕಾಲುಗಳು ಸೆಟೆದುಕೊಂಡು, ದನಿ ಉಡುಗಿಹೋಗುವ ಸಾವು ಅದು. ನಮ್ಮ ಆಲಂಕಾರಿಕರ ಮಾತಿನಲ್ಲಿ ಅದು ಬೀಭತ್ಸದ ವಸ್ತು. ಹರ್ನನು ಬೀಭತ್ಸವನ್ನು ಪೂರ್ತಿಯಾಗಿ ತೊಡೆದುಹಾಕಿ, ಆ ಸ್ಥಾನದಲ್ಲಿ ವೀರವನ್ನು ಪ್ರತಿಷ್ಠಿಸಿದನು. ವಿರೋಧಿಗಳಾದ ಎರಡು ರಸಗಳು ಒಂದೆಡೆ ಬರಬೇಕಾದಾಗ ನಡುವೆ ಮೂರನೆಯದೊಂದನ್ನಿರಿಸಿದರೆ ವಿರೋಧವು ಶಮಿಸುವುದೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಹೇಳಿರುವನು. ನಾಗಾನಂದ ನಾಟಕವನ್ನು ಅದಕ್ಕೆ ಉದಾಹರಿಸಿರುವನು. ಹರ್ನನು ಧ್ವನ್ಯಾಲೋಕವನ್ನು ಓದಿದ್ದವನೆಂದು ನಾನು ಭಾವಿಸುವುದಿಲ್ಲ. ಆದರೂ ಆತನು ಮಾಡಿರುವುದು ಅದನ್ನೇ. ಬೀಳ್ಕೊಡುಗೆಯ ಹರ್ಷ ಒಂದು ಕಡೆ, ಹುಡುಗರ ಸಾವಿನ ಶೋಕ ಮತ್ತೊಂದು ಕಡೆ. ನಡುವೆ ಸೈಟೊವಿನ ಧೈರ್ಯ. ಇದರಿಂದ ಪ್ರಕರಣವು ಒಡೆಯದೆ ನಿಂತಿತು. ಆದರೆ ಔಚಿತ್ಯವು ಉಳಿದಷ್ಟು ಸತ್ಯವು ಉಳಿಯಿತೇ ಎಂಬುದು ಬೇರೆ ಪ್ರಶ್ನೆ. ಆ ಹಾಸಿಗೆಯ ಬಳಿ ಇರಬೇಕಾದ ಬೋಗುಣಿಯನ್ನು ಮರೆಮಾಡಿದ್ದು ಕವಿಯ ಸಂಯಮವೆನ್ನುವುದಾದರೆ ಒಪ್ಪಬಹುದು. ಶಿಸ್ತು ಕೆಡಲಿಲ್ಲ, ವಿದ್ಯಾರ್ಥಿಗಳೂ ಗುರುಗಳೂ ತಮ್ಮ ತಮ್ಮ ಸ್ಥಾನದಲ್ಲಿಯೇ ಬಿದ್ದರೆಂದು ಯುದ್ಧಭೂಮಿಯ ಮಾತಿನಲ್ಲಿ ಹೇಳುವುದನ್ನು ನಾನು ಒಪ್ಪಲಾರೆ. ಅವರು ಬಿದ್ದದ್ದು ಶತ್ರುವಿನ ಗುಂಡಿಗಲ್ಲ.

ಹೀಗೆಂದುಕೊಂಡೇ ಮೂರು ನಾಲ್ಕು ಸಲ ಓದಿದೆ. ಐದನೆಯ ಸಲ ಓದುವಾಗ ಮತ್ತೊಂದು ವಿಷಯವು ಕಣ್ಣಿಗೆ ಬಿತ್ತು. ಕತ್ತಿಯೂ ವಂದನೆಯೂ ಒಂದೇ ಪ್ರಕರಣದಲ್ಲಿ, ಕೆಲವೇ ಪುಟಗಳ ಅಂತರದಲ್ಲಿವೆ. ಒಂದು ಶಾಲೆಯ ಹುಡುಗರು ಚಕ್ರವರ್ತಿಗಾಗಿ ಸಾಯಬೇಕೆಂದು ಬರೆದುಕೊಟ್ಟು ಗುರುವಿಗೆ ಕತ್ತಿಯನ್ನು ಕಾಣಿಕೆಯಾಗಿ ಅರ್ಪಿಸುತ್ತಾರೆ. ಅದೇ ಪಟ್ಟಣದ ಇನ್ನೊಂದು ಶಾಲೆಯ ಹುಡುಗರು ಆಮೇಲೆ ಸತ್ತೇ ಹೋಗುತ್ತಾರೆ. ಕತ್ತಿಯಿಂದಲ್ಲ, ಕೆಟ್ಟ ನೀರಿನಿಂದ. ಸಾಯುವ ಹುಡುಗನ ಕಡೆಯ ವಂದನೆಯು ಸಲ್ಲುವುದು ಯಾರಿಗೆ? ಸಭಾಮಂದಿರದ ಚಕ್ರವರ್ತಿಯ ಪಟಕ್ಕಲ್ಲ. ಬಳಿಯಲ್ಲಿದ್ದು ಶುಶ್ರೂಷೆಮಾಡಿದ ಶಾಲೆಯ ಯಜಮಾನನಿಗೆ. ಹರ್ನನು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆತನಿಗೆ ಇದು ತಿಳಿದಿತ್ತೋ ಇಲ್ಲವೋ ಎಂದು ಹಿಂದೆ ನಾನೂ ಸಂದೇಹಪಟ್ಟಿದ್ದೇನೆ. ಆದರೆ ಹಡಗನ್ನು ಹತ್ತುವುದಕ್ಕೆ ಮೊದಲು ಅನೇಕರ ಕೈಗಳನ್ನು ಹಿಡಿದೆನೆಂದು ಬರೆದು, ಎಲ್ಲಕ್ಕಿಂತ ಹೃತ್ಪೂರ್ವಕವಾಗಿ ಹಿಡಿದದ್ದು ಬಹುಶಃ ನಾರ್ಮಲ್ ಸ್ಕೂಲಿನ ಅಧ್ಯಕ್ಷನ ಕೈಯನ್ನು ಎಂದು ಸೇರಿಸಿರುವನು. ಆ ‘ಬಹುಶಃ’ ಎಂಬ ಮಾತು ನನಗೆ ಬಹಳ ಇಷ್ಟ. ಬಿಟ್ಟುಹೋಗುವ ಉಪಾಧ್ಯಾಯನು ನಿಂತಿರುವ ಉಪಾಧ್ಯಾಯನನ್ನು ನೋಡಿ ನಾಚಿದಂತೆ ಅದು ಕೇಳುತ್ತದೆ. ಹೂದಾನಿ, ಕತ್ತಿ, ಮೆರವಣಿಗೆ, ಇವೆಲ್ಲ ಒಬ್ಬನಿಗೆ ಬಂದವು. ಮೊಳಕೈಯೂರಿ ಮಾಡಿದ ಆ ವಂದನೆಯು ಇನ್ನೊಬ್ಬನಿಗೆ ಬಂತು. ಬೀಭತ್ಸವನ್ನು ಅಳಿಸಿದ ದೋಷವು ಇದರಿಂದ ಹೋಗುವುದೆಂದು ನಾನು ಹೇಳುವುದಿಲ್ಲ. ಪ್ರಕರಣವು ನಾನೆಣಿಸಿದ್ದಕ್ಕಿಂತ ಪ್ರಾಮಾಣಿಕವಾದುದೆಂದು ಮಾತ್ರ ಹೇಳುತ್ತೇನೆ.

ಇನ್ನು ಮೆರವಣಿಗೆಯ ವಿಷಯ. ರೋಗದ ನಿಮಿತ್ತ ಮಧ್ಯಮ ಶಾಲೆಯನ್ನೂ ಮುಚ್ಚಿದ್ದರು. ಹುಡುಗರನ್ನು ಕೂಡಿಸಬೇಡಿರಿ, ಮುಂಜಾವಿನ ಚಳಿಗಾಳಿಯಲ್ಲಿ ಆ ನದಿಯ ದಡಕ್ಕೆ ಕರೆತರಬೇಡಿರಿ ಎಂದು ಹರ್ನನು ಪ್ರತಿಭಟಿಸಿದನಂತೆ. ಅದಕ್ಕೆ ನಗುವೇ ಉತ್ತರವಾಯಿತಂತೆ. ಸೂರ್ಯೋದಯವಾದ ಒಂದು ಗಂಟೆಗೆ ಇನ್ನೂರು ಮಂದಿ ಹುಡುಗರು ಮನೆಯ ಬಾಗಿಲಿಗೆ ಬಂದು, ಉದ್ದವಾದ ಬಿಳಿಯ ಸೇತುವೆಯ ಬಳಿ ಹಡಗು ನಿಂತಿದ್ದ ಕಟ್ಟೆಯವರೆಗೆ ಅವನ ಜೊತೆಯಲ್ಲಿ ನಡೆದರು. ಪ್ರಿಯಜನರನ್ನು ನೀರಿನ ಅಂಚಿನವರೆಗೆ ಹೋಗಿ ಕಳುಹಿಸಬೇಕೆಂಬ ಆಚಾರವನ್ನು ಕಾಳಿದಾಸನು ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಶಾರ್ಙ್ಗರವನ ಬಾಯಿಂದ ಆಡಿಸಿರುವನು. ಕಣ್ವಾಶ್ರಮದವರು ನಿಂತದ್ದು ನಿರ್ಮಲವಾದ ಸರೋವರದ ತೀರದಲ್ಲಿ. ಮಾತ್ಸುಎಯ ಹುಡುಗರು ನಿಂತದ್ದು ರೋಗವಿದ್ದ ನದಿಯ ತೀರದಲ್ಲಿ. ಗಾಳಿಯು ಅಪಾಯವೆಂಬ ಹಳೆಯ ನಂಬಿಕೆ ಹರ್ನನ ಮಾತಿನಲ್ಲಿ ಇನ್ನೂ ಉಳಿದಿದೆ. ರಾಬರ್ಟ್ ಕಾಖನು 1884ರಲ್ಲಿ ಕಲ್ಕತ್ತೆಯಲ್ಲಿ ಈ ರೋಗದ ಕ್ರಿಮಿಯನ್ನು ಬೇರ್ಪಡಿಸಿಯಾಗಿತ್ತು, ಅಪಾಯವಿದ್ದದ್ದು ನೀರಿನಲ್ಲಿ. ಆದುದರಿಂದ ದಡದ ಮೇಲೆ ಅರ್ಧ ಗಂಟೆ ನಿಂತು ಹುಡುಗರು ರೋಗವನ್ನು ಹಚ್ಚಿಕೊಂಡರೆಂದು ನಾನು ಹೇಳುತ್ತಿಲ್ಲ. ನಾನು ಕೇಳುವುದಿಷ್ಟೇ: ಅಪಾಯವುಂಟೆಂದು ತಾನೇ ನಂಬಿದ ಗುರುವು ಒಂದು ನಗುವಿಗೆ ಸೋತು ಸುಮ್ಮನಾದುದೇಕೆ?

ಈ ಪ್ರಶ್ನೆಯನ್ನು ಕಠಿಣವಾಗಿ ಕೇಳಲು ನನಗೆ ಅಧಿಕಾರವಿಲ್ಲ. ನಾನು ನಿವೃತ್ತನಾದದ್ದು 2020ನೆಯ ಇಸವಿಯಲ್ಲಿ, ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗೆ ಬೀಗ ಬಿದ್ದಿದ್ದಾಗ. ಬರಬೇಡಿರೆಂದು ಹುಡುಗರಿಗೆ ಹೇಳಿಕಳುಹಿಸಿದ್ದೆ. ಆದರೂ ಏಳೆಂಟು ಮಂದಿ ಮುಖಕ್ಕೆ ವಸ್ತ್ರವನ್ನು ಕಟ್ಟಿಕೊಂಡು ಬೇಲಿಯ ಹೊರಗೆ ಬಂದು ನಿಂತಿದ್ದರು. ಮನೆಗೆ ಹೋಗಿರೆಂದು ಗದರಿಸಬೇಕಾಗಿತ್ತು. ಗದರಿಸಲಿಲ್ಲ. ಹತ್ತು ನಿಮಿಷ ಮಾತನಾಡಿದೆ.

ಆದರೆ ತನ್ನ ಐದುನೂರಕ್ಕೂ ಮೇಲ್ಪಟ್ಟ ಶಿಷ್ಯರಲ್ಲಿ ಒಬ್ಬನಾದರೂ ಎಂದೂ ತನ್ನ ಸಹನೆಯನ್ನು ಪರೀಕ್ಷಿಸಲಿಲ್ಲವೆಂದು ಹರ್ನನು ಕಟ್ಟೆಯ ಮೇಲೆ ನಿಂತು ಹೇಳುವ ಮಾತನ್ನು ಮಾತ್ರ, ಪಾಠಹೇಳಿ ಕೂದಲು ನರೆತ ಯಾರೂ ನಂಬುವುದಿಲ್ಲ. ಆ ಪುಟಗಳು ಆ ದಿನದ ದಿನಚರಿಯಂತೆ ವರ್ತಮಾನಕಾಲದಲ್ಲಿ ಬರೆಯಲ್ಪಟ್ಟಿವೆ. ಗ್ರಂಥವನ್ನು ಮುಗಿಸಿದ್ದಾದರೋ ಕುಮಾಮೊಟೊದಲ್ಲಿ. ಅಲ್ಲಿ ಸಂಬಳವು ಇನ್ನೂರು ಯೆನ್ನು; ಮನಸ್ಸಿಗೆ ಸುಖವಿಲ್ಲ. ಅಲ್ಲಿಂದ ಸ್ನೇಹಿತರಿಗೆ ಬರೆದ ಪತ್ರಗಳು ಅವನ ಮರಣಾನಂತರ 1906ರಲ್ಲಿ ಅಚ್ಚಾದವು. ಅವುಗಳಲ್ಲಿ ಏಕಾಕಿತನದ ಗೊಣಗಾಟವು ಬೇಕಾದಷ್ಟಿದೆ. ಹಿಂದಿನ ಶಾಲೆಯು ಸ್ವರ್ಗವಾಗಿ ಕಾಣುವುದು ಮುಂದಿನ ಶಾಲೆಗೆ ಬಂದ ಮೇಲೆಯೇ. ಪ್ರಯಾಣಕ್ಕೆ ಅವನು ಕೊಡುವ ಕಾರಣಗಳು ಚಳಿಗಾಲದ ತೀವ್ರತೆ, ತನ್ನ ಕಾಯಿಲೆ, ದೊಡ್ಡ ಕಾಲೇಜಿನ ಕರೆ. ಇಮ್ಮಡಿಯಾದ ಸಂಬಳದ ಮಾತನ್ನು ಎತ್ತುವುದಿಲ್ಲ. ಅದಕ್ಕಿಂತ ದೊಡ್ಡ ಮೌನವೊಂದುಂಟು: ಅದೇ ವರ್ಷ ಅವನ ಸಂಸಾರವನ್ನು ಕೈಗೊಂಡ ಕೊಯಿಜುಮಿ ಸೆತ್ಸು ಎಂಬ ಸಾಮುರೈ ಮನೆತನದ ಹೆಣ್ಣುಮಗಳು ಆ ಪ್ರಕರಣದಲ್ಲಿ ಎಲ್ಲಿಯೂ ಇಲ್ಲ. ಕುಮಾಮೊಟೊಗೆ ಅವಳೂ ಹೋದಳು. ಪಟ್ಟಣಕ್ಕೆಲ್ಲ ಇಂಗ್ಲೀಷು ಕಲಿಸಿದವನು ಮನೆಯಲ್ಲಿ ಅವಳೊಡನೆ ವಿಭಕ್ತಿಪ್ರತ್ಯಯಗಳಿಲ್ಲದ ತನ್ನದೇ ಒಂದು ಮುರುಕು ಜಪಾನೀ ಭಾಷೆಯಲ್ಲಿ ಮಾತನಾಡುತ್ತಿದ್ದನು. 1896ರಲ್ಲಿ ಅವಳ ಮನೆತನದ ಹೆಸರನ್ನೇ ಹೊತ್ತು ಕೊಯಿಜುಮಿ ಯಾಕುಮೊ ಎಂಬ ಜಪಾನೀಯನಾದನು. ತನ್ನ ಊರನ್ನು, ತನ್ನ ಜನರನ್ನು ಆ ಬೆಳಿಗ್ಗೆ ಬಿಟ್ಟು ನಿಜವಾಗಿ ಹೊರಟವಳು ಅವಳು. ಅವಳನ್ನು ಬಿಟ್ಟು ಬರೆದ ಬೀಳ್ಕೊಡುಗೆಯು ಎಷ್ಟು ಸುಂದರವಾಗಿದ್ದರೂ ಕುಂದುಳ್ಳದ್ದೇ.

ಕೊನೆಯ ಪುಟಗಳಲ್ಲಿ ಹಡಗು ಹೊರಡುತ್ತದೆ. ಸೇತುವೆ, ಬೆಟ್ಟಗಳು ಒಂದೊಂದಾಗಿ ಹಿಂದೆ ಸರಿದು ಮಂಜಿನಲ್ಲಿ ಕರಗುತ್ತವೆ. ದೂರದೃಷ್ಟಿಯಿಲ್ಲದ ಕಣ್ಣಿನವನು ಮಂಜನ್ನು ವರ್ಣಿಸುವುದರಲ್ಲಿ ಸಮರ್ಥನೆಂದು ಹೇಳಬೇಕಾದುದಿಲ್ಲ. ಅದನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಅದಕ್ಕಿಂತ ಸ್ವಲ್ಪ ಹಿಂದಿನ ಕೆಲವು ಸಾಲುಗಳು ಮೇಲೆನಿಸುತ್ತವೆ. ಊರಿಗೆ ಬಂದ ದಿನದಿಂದ ಕೈಹಿಡಿದು ನಡೆಸಿದ ಸಹೋದ್ಯೋಗಿ ನಿಶಿದಾ ಸೆಂತಾರೊ ಕಟ್ಟೆಗೆ ಬಂದಿಲ್ಲ. ಎರಡು ತಿಂಗಳಿಂದ ಶ್ವಾಸಕೋಶದ ರಕ್ತಸ್ರಾವದಿಂದ ಹಾಸಿಗೆ ಹಿಡಿದಿರುವನು. ಮಲಗಿದ್ದಲ್ಲಿಂದಲೇ ಅವನು ಬರೆದ ಪತ್ರವನ್ನು ಅವನ ತಂದೆಯು ತಂದುಕೊಡುವನು. ಈ ಸಾಲುಗಳಲ್ಲಿ ವೀರವೂ ಇಲ್ಲ, ಮಂಜೂ ಇಲ್ಲ. ಹರ್ನನು 1895ರಲ್ಲಿ ಅಚ್ಚಾದ ತನ್ನ ಮುಂದಿನ ಗ್ರಂಥವನ್ನು ಇಜುಮೊ ದಿನಗಳ ನೆನಪಿಗಾಗಿ ಈ ನಿಶಿದಾನಿಗೇ ಅರ್ಪಿಸಿದನು. ಮತ್ತೆ ಬರಲಾರೆನೆಂದು ಅಂಜಿದ್ದ ಊರಿಗೆ 1896ರಲ್ಲಿ ಒಮ್ಮೆ ಬಂದುಹೋದನು. ನಿಶಿದಾನು ಅದರ ಮರುವರ್ಷ ತೀರಿಕೊಂಡನು.