ಬಿದರಿ ಕಲೆಯಲ್ಲಿ ಗುರುವಿನ ಕ್ರಮ, ಶಿಷ್ಯನ ಗೆರೆ

ಬಿದರಿ ಕಲೆಯ ಮೂಲಗುರು ಯಾರೆಂಬ ಪ್ರಶ್ನೆಗೆ ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನೀ ಕುಶಲಿಯ ಹೆಸರು ಸಿದ್ಧ ಉತ್ತರವಾಗಿ ಬರುತ್ತದೆ. ಬಹಮನೀ ಸುಲ್ತಾನರ ಆಶ್ರಯದಲ್ಲಿ ಅವನು ಬೀದರಕ್ಕೆ ಬಂದನೆಂಬುದು ಐತಿಹ್ಯ. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಉಳಿದುಬಂದ ಅತ್ಯಂತ ಹಳೆಯ ಪಾತ್ರೆಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಹದಿನಾರನೆಯ ಶತಮಾನದ ಕೊನೆಗೆ ಅಥವಾ ಹದಿನೇಳನೆಯ ಶತಮಾನಕ್ಕೆ ಸೇರಿಸುತ್ತಾರೆ. ಒಬ್ಬನೇ ಗುರುವಿನಿಂದ ಒಂದು ಸಂಪ್ರದಾಯವನ್ನೆಲ್ಲ ವಿವರಿಸಿಬಿಡುವುದು ಇತಿಹಾಸಕಾರನಿಗೆ ಒಪ್ಪುವ ಮಾರ್ಗವಲ್ಲ.

ನಮ್ಮ ಚಿಂಚೋಳಿಗೆ ಬೀದರವು ದೂರದ ಊರಲ್ಲ; ಅಲ್ಲಿಯ ಕೋಟೆಯ ರಂಗೀನ ಮಹಲನ್ನು ನಮ್ಮ ವಿದ್ಯಾರ್ಥಿಗಳು ಅನೇಕರು ನೋಡಿರಬಹುದು. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಆ ಕೆಲಸವು ಅಲಿ ಬರೀದನ (1542–1580) ಕಾಲದ್ದೆನ್ನುತ್ತಾರೆ. ಕಪ್ಪು ನೆಲದ ಮೇಲೆ ಹೊಳೆಯುವ ಬಳ್ಳಿ: ಬಿದರಿಯ ದೃಷ್ಟಿಯೂ ಇದೇ. ಯಾವುದು ಯಾವುದಕ್ಕೆ ಮಾದರಿಯೆಂಬ ವಾದ ಹಾಗಿರಲಿ, ಕಣ್ಣಿಗೆ ಬೇಕಾದ ಪಾಠವು ಊರಿನ ಗೋಡೆಯಲ್ಲಿಯೇ ಇದ್ದಿತು.

ಮನೆಯ ಉಸ್ತಾದನ ಅಧಿಕಾರ ಕಾಣುವುದು ಕೆಲಸದ ಕ್ರಮದಲ್ಲಿ. ಬಹುಪಾಲು ಸತು, ಅಲ್ಪ ತಾಮ್ರ ಕೂಡಿದ ಲೋಹವನ್ನು ಮರಳಚ್ಚಿನಲ್ಲಿ ಎರೆದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಬಳ್ಳಿಯನ್ನು ಗೀರಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಅಳಿದು, ಬೆಳ್ಳಿ ಯಾವುದು ಸತು ಯಾವುದು ಎಂದು ಗುರುತು ಹತ್ತದಂತಾಗುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಮಾಡಿದ ಪಾತ್ರೆಗೆ ತಿಕ್ಕಲು, ಬೆಳ್ಳಿ ಬೆಳ್ಳಗೇ ಉಳಿದು ಮಿಕ್ಕ ಲೋಹವು ಶಾಶ್ವತವಾಗಿ ಕಪ್ಪೇರುತ್ತದೆ. ಮಣ್ಣಿನ ಯೋಗ್ಯತೆಯನ್ನು ಹಿರಿಯರು ನಾಲಿಗೆಯ ಮೇಲಿಟ್ಟು ನಿರ್ಣಯಿಸುತ್ತಾರೆ. (ಯಾವ ಪಠ್ಯಪುಸ್ತಕ ಈ ರುಚಿಯನ್ನು ಕಲಿಸೀತು!) ಇಲ್ಲಿ ಶಿಷ್ಯನಿಗೆ ಸ್ವಾತಂತ್ರ್ಯವಿಲ್ಲ.

ಸ್ವಾತಂತ್ರ್ಯವಿರುವುದು ಗೆರೆಯಲ್ಲಿ. ಜಪಾನಿನ ಕುಂಬಾರ ಹಮಾದಾ ಶೋಜಿ (1894–1978) ಕ್ಯೋಟೋದಲ್ಲಿ ಮೆರುಗುಗಳನ್ನು ಅಭ್ಯಸಿಸಿ, ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಲೀಚನೊಡನೆ ದುಡಿದು, ಬಳಿಕ ಮಾಶಿಕೋದ ಜಾನಪದ ಪರಂಪರೆಯನ್ನು ತಾನಾಗಿ ಆರಿಸಿಕೊಂಡನು. ಬೀದರದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪರಂಪರೆ ಮನೆಯಲ್ಲಿಯೇ ಕಾದಿದ್ದಿತು. ತಂದೆಯಿಂದ ಕಲಿತ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ದೊರೆತ ಪರಂಪರೆ ಆರಿಸಿಕೊಂಡದ್ದಕ್ಕಿಂತ ಕೀಳೆಂದು ನಾವು ಭಾವಿಸುವುದಿಲ್ಲ. ಒಂದೇ ಗಸಗಸೆಯ ಹೂವನ್ನು ಇಬ್ಬರು ಕೊರೆದಾಗ ಒಬ್ಬನ ದಂಟು ಬಾಗುತ್ತದೆ, ಇನ್ನೊಬ್ಬನದು ಬಿಗಿಯುತ್ತದೆ. ಹೊಸ ಚಿತ್ತಾರವಿಲ್ಲವೆಂದು ಬಿದರಿಯನ್ನು ಜರೆಯುವ ವಿಮರ್ಶಕರು ಈ ದಂಟನ್ನು ನೋಡಿಲ್ಲ.

2006ರ ಭೌಗೋಳಿಕ ಸೂಚಕವು ಬಿದರಿಯೆಂಬ ಹೆಸರನ್ನು ರಕ್ಷಿಸುತ್ತದೆ, ಅಷ್ಟೇ. ಮಾರಾಟಕ್ಕೆ ಅನುಕೂಲವೆಂದು ಕಲಿಯುವವರ ಕೈಗೆ ಕೀಲಿಗೊಂಚಲಿನಂಥ ಚಪ್ಪಟೆಯ ಸಣ್ಣ ವಸ್ತುಗಳನ್ನೇ ಕೊಡುತ್ತಿದ್ದರೆ, ಸುರಾಹಿಯ ಕೊರಳಿನ ಸುತ್ತ ಬಳ್ಳಿಯನ್ನು ಕಡಿಯದೆ ತಿರುಗಿಸುವ ಅಭ್ಯಾಸ ಅವರಿಗೆ ಎಲ್ಲಿ ದೊರೆಯಬೇಕು? ತರಬೇತಿ ಕೊಡುವವರು ಮಾರಾಟದ ಲೆಕ್ಕವಿಲ್ಲದೆ ಅಂಥದೊಂದು ಪಾತ್ರೆಯನ್ನು ಮೊದಲ ವರ್ಷದಲ್ಲಿಯೇ ಶಿಷ್ಯನ ಮುಂದಿಡಬೇಕೆಂಬುದು ನಮ್ಮ ಸೂಚನೆ.