ಹುಡುಗನ ಹೆಸರು ಹುಡುಗಿಗೆ

ದೀಕ್ಷಾಸ್ನಾನದ ಸಂಸ್ಕಾರವು ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಈ ಮಗುವಿಗೆ ಯಾವ ಹೆಸರನ್ನು ಇಡುತ್ತೀರಿ ಎಂದು ಗುರುವು ತಂದೆತಾಯಿಗಳನ್ನು ಕೇಳುತ್ತಾನೆ. ಗಂಡುಮಗುವಾದರೂ ಹೆಣ್ಣುಮಗುವಾದರೂ ಪ್ರಶ್ನೆ ಒಂದೇ. ಹಿಂದೆ ಇದರ ಉತ್ತರವು ಸಂತರ ಪಂಚಾಂಗದಿಂದಲೋ ಅಜ್ಜ ಅಜ್ಜಿಯರ ನೆನಪಿನಿಂದಲೋ ಬರುತ್ತಿತ್ತು. ಈಗ ಅನೇಕ ವೇಳೆ ಅಂಗಡಿಯಲ್ಲಿ ಕೊಂಡ ಹೆಸರುಗಳ ಪುಸ್ತಕದಿಂದ ಬರುತ್ತದೆ. ಯುವ ದಂಪತಿಗಳಿಬ್ಬರು ತಂದು ತೋರಿಸಿದ ಅಂತಹ ಪುಸ್ತಕವೊಂದರಲ್ಲಿ 'ಆಫ್ರಿಕಾದ ಹೆಸರುಗಳು' ಎಂಬ ಪುಟವಿತ್ತು. ಕೆಲೆಚಿ, ತೆಂದಾಯಿ, ಆಯೋದೆಲೆ. ಒಂದೊಂದರ ಮುಂದೆಯೂ 'ಗಂಡು ಹೆಣ್ಣು ಇಬ್ಬರಿಗೂ' ಎಂಬ ಸೂಚನೆ. ಅನಂತರ ಒಂದೇ ಪದದಲ್ಲಿ ಅರ್ಥ: ಕೃತಜ್ಞತೆ, ವಂದನೆ, ಆನಂದ.

ಆ ಪುಟದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸತ್ಯದ ಬಹುಪಾಲು ಅದರಿಂದ ಜಾರಿಹೋಗಿತ್ತು. ಮೊದಲನೆಯದಾಗಿ, 'ಆಫ್ರಿಕಾದ ಭಾಷೆ' ಎಂಬುದೊಂದಿಲ್ಲ. ಆ ಖಂಡದಲ್ಲಿ ಸುಮಾರು 2000 ಭಾಷೆಗಳಿವೆ. ಕೆಲೆಚಿ ನೈಜೀರಿಯಾದ ಇಗ್ಬೋ ಜನರ ಹೆಸರು. ಆಯೋದೆಲೆ ಅದೇ ದೇಶದ ಯೊರುಬಾ ಜನರದು. ತೆಂದಾಯಿ ದೂರದ ಜಿಂಬಾಬ್ವೆಯ ಶೋನಾ ಜನರದು. ಎರಡನೆಯದಾಗಿ, ಇವು ಬರಿಯ ಪದಗಳಲ್ಲ, ವಾಕ್ಯಗಳು. ಕೆಲೆಚಿ ಎಂದರೆ 'ದೇವರಿಗೆ ವಂದನೆ ಸಲ್ಲಿಸು'. ಆಯೋದೆಲೆ ಎಂದರೆ 'ಆನಂದವು ಮನೆಗೆ ಬಂದಿದೆ'. ತೆಂದಾಯಿ ಎಂಬುದು ಅನೇಕರನ್ನು ಕುರಿತ ಕರೆ: 'ನೀವೆಲ್ಲರೂ ವಂದಿಸಿರಿ'. ತಾಯಿ ಮಗುವನ್ನು ಊಟಕ್ಕೆ ಕೂಗಿದಾಗಲೆಲ್ಲ ನೆರೆಹೊರೆಯವರಿಗೆ ಕೃತಜ್ಞರಾಗಿರಿ ಎಂದು ಹೇಳಿದಂತೆಯೇ ಸರಿ.

ಹೀಗೆ ಓದಿದಾಗ, ಈ ಹೆಸರುಗಳು ಇಬ್ಬರಿಗೂ ಹೊಂದುವುದೇಕೆ ಎಂಬುದೂ ತಿಳಿಯುತ್ತದೆ. ಅವು ಮಗುವನ್ನು ವರ್ಣಿಸುವುದಿಲ್ಲ. ಸುಂದರಿಯೆಂದಾಗಲಿ ಶೂರನೆಂದಾಗಲಿ ಹೇಳುವುದಿಲ್ಲ. ಮಗು ಹುಟ್ಟಿದ ಗಳಿಗೆಯಲ್ಲಿ ಹೆತ್ತವರ ಬಾಯಿಂದ ಹೊರಟ ಮಾತನ್ನು ಅವು ಕಾದಿಡುತ್ತವೆ. ಇಗ್ಬೋ ಜನರ ಇಫಿಯಾನಿ ಎಂದರೆ 'ದೇವರಿಗೆ ಅಸಾಧ್ಯವಾದುದು ಯಾವುದೂ ಇಲ್ಲ'. ಒನ್ಯೆಕಾಚಿ ಎಂದರೆ 'ದೇವರಿಗಿಂತ ದೊಡ್ಡವರು ಯಾರು?' ಉಚೆನ್ನಾ ಎಂದರೆ 'ತಂದೆಯ ಚಿತ್ತ'. ಶೋನಾ ಭಾಷೆಯ ತಿನಾಷೆ ನಮ್ಮ ಇಮ್ಮಾನುವೇಲನಿಗೆ ಸಮಾನ: 'ದೇವರು ನಮ್ಮೊಡನಿದ್ದಾರೆ'. ಈ ಮಾತುಗಳ ಕೇಂದ್ರದಲ್ಲಿರುವುದು ಗಂಡೂ ಅಲ್ಲ, ಹೆಣ್ಣೂ ಅಲ್ಲ, ಕೊಟ್ಟ ದೇವರು.

ಭಾಷೆಯೂ ಇದಕ್ಕೆ ಅನುಕೂಲವಾಗಿದೆ. ಕನ್ನಡದಲ್ಲಿ ಬಂದನು, ಬಂದಳು ಎಂದು ಬೇರ್ಪಡಿಸದೆ ಮಗನ ಅಥವಾ ಮಗಳ ಬಗ್ಗೆ ಒಂದು ವಾಕ್ಯವನ್ನು ಮುಗಿಸುವುದು ಕಷ್ಟ. ಇಗ್ಬೋ, ಯೊರುಬಾ, ಶೋನಾ ಭಾಷೆಗಳಲ್ಲಿ ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ. ಹಾಗೆಂದು ಆಫ್ರಿಕಾದಲ್ಲೆಲ್ಲ ಹೀಗೆಯೇ ಎಂದು ತಿಳಿಯಬಾರದು. ಹೌಸಾ ಭಾಷೆಯಲ್ಲಿ ಲಿಂಗಭೇದವುಂಟು. ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡು ಕೋಫಿ, ಹೆಣ್ಣು ಅಫುವಾ. ಯೊರುಬಾ ಜನರಲ್ಲಿಯೂ ತೀರಿಹೋದ ತಂದೆಯೇ ಮರಳಿ ಬಂದರೆಂದು ಮೊಮ್ಮಗನಿಗೆ ಬಾಬಾತುಂದೆ ಎಂದೂ ತಾಯಿಯೇ ಮರಳಿದರೆಂದು ಮೊಮ್ಮಗಳಿಗೆ ಯೇತುಂದೆ ಎಂದೂ ಹೆಸರಿಡುತ್ತಾರೆ. ಆದರೆ ಅವಳಿಗಳಲ್ಲಿ ಮೊದಲು ಬಂದ ಮಗು ತೈವೊ, ಅನಂತರದ್ದು ಕೆಹಿಂದೆ, ಗಂಡಾಗಲಿ ಹೆಣ್ಣಾಗಲಿ.

ಇಷ್ಟನ್ನು ತಿಳಿದ ಮೇಲೆ ಒಂದು ಸಂಶಯ ಉಳಿಯುತ್ತದೆ. ಹೆಸರಿನಲ್ಲಿ ಭೇದವಿಲ್ಲದ ಸಮಾಜದಲ್ಲಿ ಮನಸ್ಸಿನಲ್ಲಿಯೂ ಭೇದವಿಲ್ಲವೇ? ಈ ಪ್ರಶ್ನೆಗೆ ಹೆಸರುಗಳ ಪುಸ್ತಕ ಉತ್ತರ ಕೊಡಲಾರದು, ಕಾದಂಬರಿಕಾರ ಕೊಡಬಲ್ಲ. ಆದುದರಿಂದ ನಿಮ್ಮನ್ನು ಇಗ್ಬೋ ಲೇಖಕ ಚಿನುವಾ ಅಚಿಬೆಯವರ ಬಳಿಗೆ ಕರೆದೊಯ್ಯಬಯಸುತ್ತೇನೆ. ಅವರು 1930ರಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡರು. ಅವರ ತಂದೆ ಯೆಶಾಯ ಒಕಾಫೊ ಅಚಿಬೆ ಆಂಗ್ಲಿಕನ್ ಮಿಶನ್ನಿನ ಉಪದೇಶಿ. ಮಗನಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಆಲ್ಬರ್ಟ್ ಚಿನುವಾಲುಮೊಗು. ಆಲ್ಬರ್ಟ್ ಎಂಬುದು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಪತಿಯ ಹೆಸರು. ಚಿನುವಾಲುಮೊಗು ಎಂದರೆ 'ದೇವರು ನನ್ನ ಪರವಾಗಿ ಹೋರಾಡಲಿ'. ವಿಶ್ವವಿದ್ಯಾನಿಲಯದ ದಿನಗಳಲ್ಲಿ ಅವರು ಆಲ್ಬರ್ಟನನ್ನು ಕೈಬಿಟ್ಟು, ಉದ್ದವಾದ ಪ್ರಾರ್ಥನೆಯನ್ನು ಚಿನುವಾ ಎಂದು ಮೊಟಕುಗೊಳಿಸಿಕೊಂಡರು. ಯೋಚಿಸಿ ನೋಡಿ: ಅವರು ತ್ಯಜಿಸಿದ್ದು ಒಬ್ಬ ರಾಜಕುಮಾರನ ಹೆಸರು, ಉಳಿಸಿಕೊಂಡದ್ದು ಒಂದು ಪ್ರಾರ್ಥನೆ. ಎರಡರಲ್ಲಿ ಯಾವುದು ಹೆಚ್ಚು ಕ್ರೈಸ್ತ ಹೆಸರು?

ಅಚಿಬೆಯವರ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' 1958ರಲ್ಲಿ ಪ್ರಕಟವಾಯಿತು. ಅದರ ನಾಯಕ ಒಕೊಂಕ್ವೊನ ಎರಡನೆಯ ಹೆಂಡತಿ ಎಕ್ವೆಫಿ ಹತ್ತು ಮಕ್ಕಳನ್ನು ಹೆತ್ತವಳು. ಒಂಬತ್ತು ಮಕ್ಕಳು ಎಳವೆಯಲ್ಲೇ ಸತ್ತವು. ಒಂದೇ ಮಗು ಮತ್ತೆ ಮತ್ತೆ ಹುಟ್ಟಿ ಮತ್ತೆ ಮತ್ತೆ ಸಾಯುತ್ತದೆ ಎಂದು ನಂಬಿದ ಜನ ಅಂತಹ ಮಗುವನ್ನು ಒಗ್ಬಾಂಜೆ ಎನ್ನುತ್ತಿದ್ದರು. ಇಂತಹ ಸಾಲು ಸಾವುಗಳ ಹಿಂದೆ ವಂಶಪಾರಂಪರ್ಯವಾಗಿ ಬರುವ ಸಿಕಲ್ ಸೆಲ್ ರಕ್ತರೋಗವಿದ್ದಿರಬಹುದು ಎಂದು ಇಂದಿನ ವೈದ್ಯಶಾಸ್ತ್ರ ಬಲ್ಲವರು ಹೇಳುತ್ತಾರೆ. ಎಕ್ವೆಫಿಗೆ ಅದು ಗೊತ್ತಿಲ್ಲ. ಅವಳ ಕೈಯಲ್ಲಿ ಉಳಿದದ್ದು ಹೆಸರಿಡುವ ಅಧಿಕಾರವೊಂದೇ. ಒಂದು ಗಂಡುಮಗುವಿಗೆ ಒನ್ವುಂಬಿಕೊ ಎಂದು ಹೆಸರಿಡುತ್ತಾಳೆ: 'ಮೃತ್ಯುವೇ, ಬೇಡಿಕೊಳ್ಳುತ್ತೇನೆ'. ಅದು ಸಾಯುತ್ತದೆ. ಮುಂದಿನ ಹೆಣ್ಣುಮಗು ಒಜೊಎಮೆನಾ: 'ಇನ್ನೊಮ್ಮೆ ಹೀಗಾಗದಿರಲಿ'. ಅದೂ ಸಾಯುತ್ತದೆ, ಅನಂತರ ಇನ್ನೆರಡು. ಕೊನೆಗೆ ಅವಳ ಬೇಡಿಕೆ ಸಿಟ್ಟಾಗುತ್ತದೆ. ಮತ್ತೊಂದು ಮಗುವಿಗೆ ಒನ್ವುಮಾ, 'ಮೃತ್ಯುವು ತನಗೆ ತೋಚಿದಂತೆ ಮಾಡಿಕೊಳ್ಳಲಿ' ಎಂದು ಹೆಸರಿಡುತ್ತಾಳೆ.

ಇಡೀ ಕಾದಂಬರಿಯಲ್ಲಿ ಇದಕ್ಕಿಂತ ದಾರುಣವಾದ ಭಾಗವನ್ನು ನಾನು ಕಾಣೆ. ಇದಕ್ಕೆ ಅಚಿಬೆ ಬಳಸಿದ್ದು ಕೆಲವೇ ವಾಕ್ಯಗಳು. ತಾಯಿಯ ಅಳುವನ್ನು ಅವರು ವರ್ಣಿಸುವುದಿಲ್ಲ. ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟು ಸುಮ್ಮನಾಗುತ್ತಾರೆ. ನಮಗೂ ಇದು ಅಪರಿಚಿತವಲ್ಲ. ಸತ್ತು ಸತ್ತು ಉಳಿದ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪಣ್ಣನೆಂದೋ ತಿಪ್ಪಮ್ಮನೆಂದೋ ಹೆಸರಿಟ್ಟು ಮೃತ್ಯುವನ್ನು ವಂಚಿಸಲು ಯತ್ನಿಸಿದ ತಾಯಂದಿರು ನಮ್ಮ ನಾಡಿನಲ್ಲಿಯೂ ಇದ್ದರು. ಸಾವಿನ ಎದುರು ನಿಂತ ತಾಯಿಗೆ ಮಗು ಗಂಡೋ ಹೆಣ್ಣೋ ಎಂಬುದು ಮುಖ್ಯವಲ್ಲ, ಉಳಿದರೆ ಸಾಕು.

ಆದರೆ ಅದೇ ಕಾದಂಬರಿಯಲ್ಲಿ ಇನ್ನೊಂದು ಸತ್ಯವೂ ಇದೆ. ಎಕ್ವೆಫಿಯ ಹತ್ತನೆಯ ಮಗು ಬದುಕುತ್ತದೆ, ಅವಳೇ ಎಜಿನ್ಮಾ. ಚುರುಕಿನ ಹುಡುಗಿ, ತಂದೆಯ ಮನಸ್ಸನ್ನು ಅವನ ಗಂಡುಮಕ್ಕಳಿಗಿಂತ ಚೆನ್ನಾಗಿ ಅರಿತವಳು. ಆಕೆಯನ್ನು ನೋಡಿದಾಗಲೆಲ್ಲ ಒಕೊಂಕ್ವೊನಿಗೆ ಬರುವ ಯೋಚನೆ ಒಂದೇ: ಇವಳು ಗಂಡಾಗಿದ್ದರೆ! ಸಾವಿನಿಂದ ಉಳಿದ ಮಗಳು ತಂದೆಯ ಆಸೆಯಲ್ಲಿ ಮತ್ತೊಮ್ಮೆ ಸೋಲುತ್ತಾಳೆ. 1960ರ 'ನೋ ಲಾಂಗರ್ ಅಟ್ ಈಸ್' ಕಾದಂಬರಿಯಲ್ಲಿ ಒಕೊಂಕ್ವೊನ ಮೊಮ್ಮಗ ಒಬಿಯ ಪೂರ್ಣ ಹೆಸರು ಒಬಿಯಾಜುಲು, ಅಂದರೆ 'ಕೊನೆಗೂ ಮನಸ್ಸಿಗೆ ನೆಮ್ಮದಿಯಾಯಿತು'. ಕೇಳಲು ಎಷ್ಟು ಸೌಮ್ಯವಾದ ಹೆಸರು! ನೆಮ್ಮದಿಗೆ ಲಿಂಗವೆಲ್ಲಿಯದು? ಆದರೆ ನಾಲ್ವರು ಹೆಣ್ಣುಮಕ್ಕಳ ಅನಂತರ ಹುಟ್ಟಿದ ಗಂಡು ಅವನು, ನೆಮ್ಮದಿಯಾದದ್ದು ತಂದೆಗೆ. ಆ ತಂದೆ ದೀಕ್ಷಾಸ್ನಾನ ಪಡೆದು ಐಸಾಕನಾದ ಕ್ರೈಸ್ತ ಉಪದೇಶಿ ಎಂಬುದನ್ನು ನಾವು ಮರೆಯಬಾರದು.

ಹೆಸರಿನ ವ್ಯಾಕರಣದಲ್ಲಿ ಸಮಾನತೆಯಿದ್ದ ಮಾತ್ರಕ್ಕೆ ಮನೆಯಲ್ಲಿ ಸಮಾನತೆ ಇರುವುದಿಲ್ಲವೆಂಬ ಈ ಮಾತನ್ನು ಅಚಿಬೆ ನೇರವಾಗಿ ಎತ್ತಿಕೊಂಡದ್ದು 1987ರ 'ಆಂಟ್‌ಹಿಲ್ಸ್ ಆಫ್ ದಿ ಸವಾನ್ನಾ' ಕಾದಂಬರಿಯಲ್ಲಿ. ಸೇನಾಡಳಿತದಲ್ಲಿ ನಲುಗುವ ಕಂಗಾನ್ ಎಂಬ ಕಲ್ಪಿತ ದೇಶದ ಕಥೆ ಅದು. ಅದರ ನಾಯಕಿ ಬಿಯಾಟ್ರಿಸ್ ಉನ್ನತ ವ್ಯಾಸಂಗ ಮಾಡಿದ ಸರ್ಕಾರಿ ಅಧಿಕಾರಿ. ಅವಳಿಗೆ ಇನ್ನೊಂದು ಹೆಸರುಂಟು: ನ್ವಾನ್ಯಿಬುಇಫೆ, 'ಹೆಣ್ಣೂ ಒಂದು ವಸ್ತುವೇ'. ಗಂಡುಮಗುವನ್ನು ಬಯಸಿದ್ದ ಮನೆ ಹೆಣ್ಣು ಹುಟ್ಟಿದಾಗ ಹೇಳಿಕೊಂಡ ಸಮಾಧಾನವದು. ಹೊರನೋಟಕ್ಕೆ ಗೌರವ, ಒಳಗೆ ನಿಟ್ಟುಸಿರು. ಸಾಲಾಗಿ ಹೆಣ್ಣಾದಾಗ ಮಗಳಿಗೆ ಸಾಕಮ್ಮ ಎಂದು ಹೆಸರಿಡುತ್ತಿದ್ದುದನ್ನು ಬಲ್ಲ ನಮ್ಮ ಹಿರಿಯರಿಗೆ ಈ ನಿಟ್ಟುಸಿರಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಬಿಯಾಟ್ರಿಸ್ ಆ ಹೆಸರನ್ನು ದ್ವೇಷಿಸುತ್ತ ಬೆಳೆಯುತ್ತಾಳೆ.

ಕಾದಂಬರಿಯ ಕೊನೆಯಲ್ಲಿ ಅವಳಿಗೇ ಹೆಸರಿಡುವ ಸರದಿ ಬರುತ್ತದೆ. ಪತ್ರಿಕಾ ಸಂಪಾದಕ ಇಕೆಮ್ ಆಳುವವರ ಕೈಯಲ್ಲಿ ಹತನಾಗಿದ್ದಾನೆ. ಅವನ ಸಂಗಾತಿ, ಅಂಗಡಿಯಲ್ಲಿ ದುಡಿಯುವ ಬಡ ಹುಡುಗಿ ಎಲೆವಾ, ಹೆಣ್ಣುಮಗುವನ್ನು ಹೆತ್ತಿದ್ದಾಳೆ. ಸಂಪ್ರದಾಯದಂತೆ ಹೆಸರಿಡಬೇಕಾದ ತಂದೆ ಇಲ್ಲ. ಬಿಯಾಟ್ರಿಸ್ ತನ್ನ ಮನೆಯಲ್ಲಿ ಸೇರಿದ ಕೆಲವೇ ಮಂದಿಯ ಮುಂದೆ ಮಗುವನ್ನು ಎತ್ತಿಕೊಂಡು ಅಮಾಎಚಿನಾ ಎಂದು ಕರೆಯುತ್ತಾಳೆ: 'ದಾರಿಯು ಎಂದೂ ಮುಚ್ಚದಿರಲಿ'. ಮಗನಿಗೆ 'ಉಳಿದವರು ಮರಳಿ ಬರುವರು' ಎಂದು ಹೆಸರಿಟ್ಟ ಹಳೆಯ ಒಡಂಬಡಿಕೆಯ ಪ್ರವಾದಿಯನ್ನು ಅವಳು ಆಗ ನೆನೆಯುತ್ತಾಳೆ. ಆ ಪ್ರವಾದಿ ಯೆಶಾಯ. ಅಚಿಬೆಯವರ ತಂದೆಯ ಹೆಸರೂ ಅದೇ.

ಅಮಾಎಚಿನಾ ವಾಕ್ಯವಾಗಿ ಯಾರಿಗೂ ಹೊಂದಬಹುದಾದ ಹೆಸರು. ರೂಢಿಯಲ್ಲಿ ಮಾತ್ರ ಗಂಡಿನದು. ಏಕೆಂದರೆ ವಂಶದ ದಾರಿ ತೆರೆದಿರುವುದು ಮಗನಿಂದ ಎಂಬುದು ಹಳೆಯ ಎಣಿಕೆ. ಇದು ಹುಡುಗನ ಹೆಸರಲ್ಲವೇ ಎಂದು ಅಲ್ಲಿ ಯಾರೋ ಆಕ್ಷೇಪಿಸುತ್ತಾರೆ. ಹುಡುಗಿಗೂ ಹೊಂದುತ್ತದೆ ಎಂಬ ಉತ್ತರ ತಕ್ಷಣವೇ ಬರುತ್ತದೆ. ತಡವಾಗಿ ಬಂದ ಎಲೆವಾಳ ವೃದ್ಧ ಸೋದರಮಾವ ವಿಷಯ ತಿಳಿದು ಕೋಪಿಸಿಕೊಳ್ಳದೆ ನಕ್ಕು, ಕೋಲಾ ಕಾಯಿಯನ್ನು ಮುರಿದು ಎಲ್ಲರ ಪರವಾಗಿ ಪ್ರಾರ್ಥಿಸುತ್ತಾನೆ.

ಕಲೆಯ ದೃಷ್ಟಿಯಿಂದ ಈ ದೃಶ್ಯದಲ್ಲಿ ಕೊರತೆಗಳಿವೆ. ಸೇನಾಧಿಕಾರಿ, ವಿದ್ಯಾರ್ಥಿ ನಾಯಕ, ಟ್ಯಾಕ್ಸಿ ಚಾಲಕನ ಹೆಂಡತಿ, ಮನೆಗೆಲಸದ ಹುಡುಗಿ, ಹೀಗೆ ದೇಶದ ಎಲ್ಲ ವರ್ಗಗಳೂ ಒಂದೇ ಕೋಣೆಯಲ್ಲಿ ನೆರೆದಿರುವುದು ಲೇಖಕರ ಯೋಜನೆಯೆಂದು ಎದ್ದು ಕಾಣುತ್ತದೆ. ಅವರ ಬಾಯಲ್ಲಿ ಆಗಾಗ ಅಚಿಬೆಯವರೇ ಮಾತಾಡುತ್ತಾರೆ. ಎಕ್ವೆಫಿಯ ಮಕ್ಕಳ ಹೆಸರುಗಳನ್ನು ವಿವರಣೆಯಿಲ್ಲದೆ ಬಿಟ್ಟ ಆ ಸಂಯಮ ಇಲ್ಲಿಲ್ಲ. ಆದರೂ ಸುಮಾರು ಮೂವತ್ತು ವರ್ಷಗಳ ಅಂತರದಲ್ಲಿ ಒಬ್ಬ ಲೇಖಕರು ತಮ್ಮ ಮೊದಲ ಕಾದಂಬರಿಯ ತಂದೆಗೆ ಉತ್ತರ ಕೊಡುತ್ತಿರುವುದನ್ನು ಕಂಡಾಗ ಈ ಕೊರತೆಗಳನ್ನು ಮನ್ನಿಸಬೇಕೆನಿಸುತ್ತದೆ. ಇವಳು ಗಂಡಾಗಿದ್ದರೆ ಎಂದು ಒಕೊಂಕ್ವೊ ಹಲುಬಿದ್ದನು. ಹೆಣ್ಣಾಗಿರುವಂತೆಯೇ ದಾರಿಯನ್ನು ತೆರೆದಿಡಬಲ್ಲಳು ಎಂದು ಬಿಯಾಟ್ರಿಸ್ ಹೇಳುತ್ತಾಳೆ. ನಿಟ್ಟುಸಿರಿನ ಹೆಸರನ್ನು ಹೊತ್ತವಳೇ ಭರವಸೆಯ ಹೆಸರನ್ನು ಕೊಡುತ್ತಾಳೆ.

ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯವನ್ನು ಬಲ್ಲ ನಿಮಗೆ ಇಂತಹ ದೃಶ್ಯವೊಂದು ಈಗಾಗಲೇ ನೆನಪಾಗಿರಬಹುದು. ತಂದೆ ಜಕರೀಯ ಮೂಕನಾಗಿದ್ದಾನೆ. ನೆಂಟರು ಮಗುವಿಗೆ ತಂದೆಯ ಹೆಸರನ್ನೇ ಇಡಲು ಹೊರಟಿದ್ದಾರೆ. ಎಲಿಜಬೇತಳು ಬೇಡವೆಂದು ಯೊವಾನ್ನ ಎಂಬ ಹೆಸರನ್ನು ಹೇಳುತ್ತಾಳೆ. ನಿಮ್ಮ ಬಂಧುಗಳಲ್ಲಿ ಯಾರಿಗೂ ಈ ಹೆಸರಿಲ್ಲವಲ್ಲ ಎಂಬುದು ಅವರ ಆಕ್ಷೇಪ. ತಂದೆ ಹಲಗೆಯ ಮೇಲೆ ಬರೆದು ತಾಯಿಯ ಮಾತನ್ನೇ ಸ್ಥಿರಪಡಿಸುತ್ತಾನೆ. ಯೊವಾನ್ನ ಎಂಬುದೂ ಒಂದು ವಾಕ್ಯವೇ: 'ದೇವರು ಕೃಪೆ ತೋರಿದ್ದಾರೆ'. ಅದು ವಂಶವನ್ನಲ್ಲ, ವರದಾತನನ್ನು ಹೆಸರಿಸುತ್ತದೆ.

ನನ್ನ ಬಳಿಗೆ ಬಂದ ಆ ದಂಪತಿಗಳಿಗೆ ಆಫ್ರಿಕಾದ ಹೆಸರು ಬೇಡವೆಂದು ನಾನು ಹೇಳಲಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರನ್ನು ಇಡದಂತೆ ನೋಡಿಕೊಳ್ಳಬೇಕೆಂದಷ್ಟೇ 1983ರ ಧರ್ಮಸಭೆಯ ಕಾನೂನುಸಂಹಿತೆ ವಿಧಿಸುತ್ತದೆ. 'ದೇವರಿಗೆ ವಂದನೆ ಸಲ್ಲಿಸು' ಎಂಬ ಹೆಸರಿಗೆ ಅಡ್ಡಿಯೇನು? ನಾನು ಹೇಳಿದ್ದು ಇಷ್ಟೇ: ಶಬ್ದದ ಇಂಪಿಗಾಗಿ ಮಾತ್ರ ಆರಿಸಬೇಡಿ; ಅದರೊಳಗಿನ ವಾಕ್ಯವನ್ನು ನೀವು ಮನಃಪೂರ್ವಕವಾಗಿ ಹೇಳಬಲ್ಲಿರಾ ಎಂದು ಮೊದಲು ಕೇಳಿಕೊಳ್ಳಿ.

ಪ್ರಿಯ ಓದುಗರೇ, ಈ ಪ್ರಶ್ನೆ ಅವರೊಬ್ಬರಿಗೇ ಅಲ್ಲ. ಮನೆಯಲ್ಲಿ ಮಗಳು ಹುಟ್ಟಿದ ದಿನ ನಮ್ಮ ಬಾಯಿಂದ ಹೊರಟ ಮೊದಲ ಮಾತು ಯಾವುದಾಗಿತ್ತು? ದಾಖಲೆಯ ಪುಸ್ತಕದಲ್ಲಿ ನಾವು ಎಂತಹ ಚೆಲುವಾದ ಹೆಸರನ್ನೇ ಬರೆಸಿರಲಿ, ಆ ಮೊದಲ ಮಾತೇ ಅವಳ ನಿಜವಾದ ಹೆಸರಾಗಿ ಉಳಿದುಬಿಡುತ್ತದೆ. ಮಕ್ಕಳು ಅದನ್ನು ಹೇಗೋ ಕೇಳಿಸಿಕೊಂಡಿರುತ್ತಾರೆ.