‘ಒಂದಕ್ಕೆ’ ಎನ್ನಲಾರದ ಮಗಳು, ಬಾಯಿಬಿಡದ ತಾಯಿ

ಮುಂಬಯಿಯಲ್ಲಿ 2011ರಲ್ಲಿ ಹುಟ್ಟಿದ ‘ರೈಟ್ ಟು ಪೀ’ ಚಳವಳಿ ಈ ಊರಿನ ಹೆಂಗಸರಿಗೆ ದೊಡ್ಡ ಉಪಕಾರ ಮಾಡಿದೆ. ನಾಲ್ಕು ಜನರ ಮುಂದೆ ಆಡಲು ನಾಚುತ್ತಿದ್ದ ಮಾತನ್ನು ಅದು ಪಾಲಿಕೆಯ ಮೇಜಿನ ಮೇಲೆ ತಂದಿಟ್ಟಿತು. ಗಂಡಸರಿಗೆ ಪುಕ್ಕಟೆಯಾದ ಮೂತ್ರಾಲಯಕ್ಕೆ ಹೆಂಗಸರೇಕೆ ಕಾಸು ಕೊಡಬೇಕು ಎಂದು ಕೇಳಿತು. ಮುಂಚೂಣಿಯಲ್ಲಿದ್ದ ಮುಮ್ತಾಜ್ ಶೇಖ್ 2015ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿ ಸೇರಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ರಸ್ತೆಬದಿಯಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟುವಂತೆ ಮಹಾರಾಷ್ಟ್ರದ ಮಹಾನಗರ ಪಾಲಿಕೆಗಳಿಗೆ ಆದೇಶಿಸಿತು.

ಈ ಗೆಲುವನ್ನು ಮನಸಾರೆ ಒಪ್ಪಿಕೊಂಡೇ ಒಂದು ಕೊರತೆಯನ್ನು ಹೇಳಬೇಕು. ಚಳವಳಿಯ ಕಣ್ಣು ಹೆಚ್ಚಾಗಿ ಬಿದ್ದದ್ದು ದುಡಿಯಲು ಬೀದಿಗಿಳಿದ ಹೆಂಗಸಿನ ಮೇಲೆ. ಮೂತ್ರ ತಡೆಯುವ ಅಭ್ಯಾಸವನ್ನು ಆಕೆ ಬೀದಿಗೆ ಬರುವ ಎಷ್ಟೋ ವರ್ಷ ಮೊದಲೇ, ಚಾಳಿನಲ್ಲಿ, ಶಾಲೆಯಲ್ಲಿ ಕಲಿತಿರುತ್ತಾಳೆ.

ಉಪನಗರದ ಚಾಳಿನ ಓಣಿಯಲ್ಲಿ ಸಂಜೆ ಹೊತ್ತು ನಿಂತು ನೋಡಿ. ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ ಥಟ್ಟನೆ ಕುಕ್ಕರಿಸಿ, ಹಿಮ್ಮಡಿಯನ್ನು ತೊಡೆಸಂದಿಗೆ ಒತ್ತಿ, ಉಸಿರು ಬಿಗಿಹಿಡಿಯುತ್ತಾಳೆ. ಅರೆಗಳಿಗೆಯಲ್ಲಿ ಎದ್ದು ಮತ್ತೆ ಆಟಕ್ಕೆ ಸೇರುತ್ತಾಳೆ. ಮಕ್ಕಳ ವೈದ್ಯರಿಗೆ ಈ ಭಂಗಿ ಚೆನ್ನಾಗಿ ಗೊತ್ತು: ಮೂತ್ರಚೀಲ ಹಿಂಡಿಕೊಂಡಾಗ ಸೋರದಂತೆ ಮಗು ತಾನೇ ಕಂಡುಕೊಂಡ ಉಪಾಯ ಅದು. ಏಳು ವರ್ಷದ ಮಗುವಿನ ಮೂತ್ರಚೀಲ ಹಿಡಿಸುವುದು ಸುಮಾರು 240 ಮಿಲಿಲೀಟರ್, ದೊಡ್ಡ ಲೋಟದಷ್ಟು. ದಿನವೂ ತಡೆದು ತಡೆದು ಬಿಗಿದ ಸ್ನಾಯುವಿಗೆ ಸಡಿಲಾಗುವುದೇ ಮರೆತುಹೋಗುತ್ತದೆ. ಪೂರ್ತಿ ಹೊರಬಾರದೆ ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡವಾದ್ದರಿಂದ ಅಪಾಯವೂ ಹೆಚ್ಚು.

ಈ ಮಗುವಿಗೆ ಔಷಧಿಗಿಂತ ಮೊದಲು ಬೇಕಾದದ್ದು ಜೊತೆ. ಚಿಲಕವಿಲ್ಲದ ಸಾರ್ವಜನಿಕ ಕಕ್ಕಸಿಗೆ ಅವಳು ಒಬ್ಬಳೇ ಹೋಗುವಂತಿಲ್ಲ. ಹೊತ್ತುಹೊತ್ತಿಗೆ ಕರೆದೊಯ್ಯಬೇಕು, ನೀರು ಕುಡಿಸಬೇಕು, ಚಡ್ಡಿ ಒದ್ದೆಯಾದರೆ ಗದರಬಾರದು. ಇವೆಲ್ಲ ತಾಯಿಯ ಪಾಲಿಗೆ ಬಂದ ಕೆಲಸ. ಏಳಲೂ ಮನಸ್ಸಿಲ್ಲದ ಖಿನ್ನತೆಯಲ್ಲಿ ಆ ತಾಯಿಯೇ ಕುಸಿದಿದ್ದರೆ?

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ 14,000ಕ್ಕೂ ಹೆಚ್ಚು ಗರ್ಭಿಣಿಯರಿಂದ ಶುರುವಾದ ಅಧ್ಯಯನವೊಂದು ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ತಾಯಿಯ ಖಿನ್ನತೆಗೂ ಮಕ್ಕಳು ಬಟ್ಟೆ ಒದ್ದೆ ಮಾಡಿಕೊಳ್ಳುವುದಕ್ಕೂ ನಂಟಿರುವುದು ಅಲ್ಲಿ ಕಂಡುಬಂತು. ಇದನ್ನು ತಾಯಿಯ ತಪ್ಪೆಂದು ಓದುವುದು ಅನ್ಯಾಯ. ನಲ್ಲಿ ನೀರು ಒಂದೆರಡು ಗಂಟೆ ಮಾತ್ರ ಬರುವ ಮನೆಯಲ್ಲಿ ದಿನವೂ ಒದ್ದೆ ಹಾಸಿಗೆ ಒಗೆಯುವವಳ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆರಿಗೆಯಾದ ಆರರಿಂದ ಎಂಟು ವಾರಗಳ ಹೊತ್ತಿಗೆ ಶೇ 23ರಷ್ಟು ತಾಯಂದಿರಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹೊಡೆತದ ಜೊತೆಗೆ ಹುಟ್ಟಿದ್ದು ಹೆಣ್ಣುಮಗು ಎಂಬುದೂ ಅಲ್ಲಿ ಲೆಕ್ಕಕ್ಕೆ ಬಂದಿತ್ತು. ತಾಯಿಯ ದುಃಖ, ಮಗಳ ಸಂಕಟ ಎರಡೂ ತೊಟ್ಟಿಲಿನ ಹೊತ್ತಿಗೇ ಹೆಣೆದುಕೊಂಡಿವೆ.

ಮುಂಬಯಿ ಕನ್ನಡದ ಮನೆಗಳಲ್ಲಿ ಇದಕ್ಕೆ ಇನ್ನೊಂದು ಎಳೆಯಿದೆ. ತವರಿನಲ್ಲಿ ಹೆತ್ತು ಬಾಣಂತನ ಮುಗಿಸಿದವಳು ಮೂರನೆಯದೋ ಐದನೆಯದೋ ತಿಂಗಳಲ್ಲಿ ಕೂಸಿನೊಂದಿಗೆ ಚಾಳಿನ ಒಂದು ಕೋಣೆಗೆ ಮರಳುತ್ತಾಳೆ. ಊರಿನ ಆಶಾ ಕಾರ್ಯಕರ್ತೆಯ ಕಣ್ಣಿಂದ ಅವಳು ಮರೆಯಾದಳು, ಇಲ್ಲಿನವರಿಗೆ ಇನ್ನೂ ಪರಿಚಯವಿಲ್ಲ. ‘ಬಾಣಂತಿ ಸನ್ನಿ’ ಎಂಬ ಮಾತು ನಮ್ಮಲ್ಲಿದೆ, ಅದು ಕೂಗಾಡುವವಳಿಗೆ. ಗೋಡೆಗೆ ಮುಖ ಮಾಡಿ ಅಳುವವಳನ್ನು ಸೋಮಾರಿ ಎನ್ನುತ್ತೇವೆ.

ಚಳವಳಿಗೆ ಸಿಗಬೇಕಾದ ಮೆಚ್ಚುಗೆ ಇದರಿಂದ ಕಡಿಮೆಯಾಗದು. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ಹಕ್ಕು ಮಗುವಿನ ಕೈಗೆ ಸಿಗುವುದಿಲ್ಲ, ಅಲ್ಲಿಗೆ ಕರೆದೊಯ್ಯುವ ಕೈಗೂ ಬಲ ಬೇಕು. ಮತ್ತೆ ಮತ್ತೆ ಉರಿಮೂತ್ರವೆಂದು ಮಗಳನ್ನು ಕರೆತಂದ ತಾಯಿಗೆ ವೈದ್ಯರು ಔಷಧಿ ಚೀಟಿಯ ಜೊತೆಗೆ ಒಂದು ಪ್ರಶ್ನೆ ಕೇಳಲಿ: “ನೀವು ಹೇಗಿದ್ದೀರಮ್ಮಾ, ನಿದ್ದೆ ಬರುತ್ತದೆಯೇ?” ಪುಕ್ಕಟೆ ಸಲಹೆ ಕೊಡುವ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಡಲಿ. ಪಾಲಿಕೆಯ ಕನ್ನಡ ಶಾಲೆಗಳ ಶಿಕ್ಷಕರಲ್ಲೂ ಒಂದು ವಿನಂತಿ: ಪಾಠದ ನಡುವೆ ಕಿರುಬೆರಳೆತ್ತಿ “ಟೀಚರ್, ಒಂದಕ್ಕೆ” ಎಂದ ಮಗುವನ್ನು ತಡೆಯಬೇಡಿ, ಕಳುಹಿಸಿಕೊಡಿ.